ಎಡದಿಂದ ಮೂರನೇ ಡಬ್ಬಿ

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ಶಾಖೆಯ ಲೆಡ್ಜರಿನಲ್ಲಿ ಮಂಜುನಾಥ ಎಂಬ ಹೆಸರಿನವರು ಹತ್ತಾರು ಮಂದಿ ಇದ್ದರು. ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹೋಗದಂತೆ ಕಾಯುತ್ತಿದ್ದುದು ಖಾತೆ ಸಂಖ್ಯೆ. ‘ಇದೇ, ಬೇರೆಯಲ್ಲ’ ಎಂದು ಗುರುತು ಹಿಡಿಯುವ ಈ ಕೆಲಸ ಕಂಪ್ಯೂಟರ್ ಲೋಕದಲ್ಲೂ ಇದೆ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳ ಉದ್ಯೋಗವೇ ಅದು. ಅವಳು ತಿಳಿಸಿದ್ದನ್ನು ನಿಮಗೂ ಹೇಳುತ್ತೇನೆ.

ಮೊಬೈಲಿನ ಆ್ಯಪ್ ಇರಲಿ, ಟಿಕೆಟ್ ಕಾಯ್ದಿರಿಸುವ ಪುಟವಿರಲಿ, ತಯಾರಿಸಿದವರು ಅದನ್ನು ಆಗಾಗ ಬದಲಾಯಿಸುತ್ತಿರುತ್ತಾರೆ. ಪ್ರತಿ ಸಲವೂ ಎಲ್ಲ ಬಟನ್‌ಗಳು ಮೊದಲಿನಂತೆ ಕೆಲಸ ಮಾಡುತ್ತವೆಯೇ ಎಂದು ಒತ್ತಿ ನೋಡಬೇಕು. ನೂರಾರು ಸಲ ಒತ್ತಲು ಮನುಷ್ಯರಿಗೆ ಬೇಸರ, ಯಂತ್ರಕ್ಕಿಲ್ಲ. ಅದಕ್ಕಾಗಿ 2004ರಲ್ಲಿ ಅಮೆರಿಕದ ಶಿಕಾಗೊದಲ್ಲಿ, ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗಿನ್ಸ್ ಎಂಬವರು ಸೆಲೆನಿಯಂ ಎಂಬ ಸಾಧನ ಸಿದ್ಧಪಡಿಸಿದರು. ಆಗ ಇದೇ ಕೆಲಸಕ್ಕೆ ಮರ್ಕ್ಯುರಿ ಎಂಬ ಕಂಪನಿಯ ಸಾಧನವೂ ಇತ್ತು. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಆ ಹೆಸರು ಬಂತು!

ಈ ಸಾಧನಕ್ಕೆ ‘ಆ ಹಸಿರು ಬಟನ್ ಒತ್ತು’ ಎಂದರೆ ತಿಳಿಯದು. ಅದು ನೋಡುವುದು ಬಣ್ಣವನ್ನಲ್ಲ, ಪುಟದ ಹಿಂದಿರುವ ಬರಹವನ್ನು. ಆ ಬರಹ ವಂಶವೃಕ್ಷದ ಹಾಗೆ ಕವಲೊಡೆದಿರುತ್ತದೆ. ಅದರಲ್ಲಿ ದಾರಿ ತೋರಿಸಲು 1999ರಿಂದ ಎಕ್ಸ್‌ಪಾತ್ ಎಂಬ ಭಾಷೆ ಇದೆ. ಹೆತ್ತವರು, ಮಗು, ಪೂರ್ವಜರು, ಒಡಹುಟ್ಟಿದವರು ಎಂಬ ಮಾತುಗಳೇ ಅಲ್ಲೂ ಬರುತ್ತವೆ.

ಗುರುತು ಹೇಳಲು ಹಲವು ದಾರಿ. ‘ಬೇವಿನ ಮರದಿಂದ ಮೂರನೇ ಮನೆ’ ಎಂಬಂತೆ ಜಾಗ ಹೇಳಬಹುದು. ಆದರೆ ನಡುವೆ ಹೊಸ ಮನೆ ಎದ್ದರೆ ಮೂರನೆಯದು ನಾಲ್ಕನೆಯದಾಗುತ್ತದೆ, ಅಂಚೆಯವನು ದಾರಿ ತಪ್ಪುತ್ತಾನೆ. ಬಟನ್ ಮೇಲಿನ ಅಕ್ಷರ ಹೇಳಬಹುದು. ‘ನೆಕ್ಸ್ಟ್’ ಎಂದಿದ್ದದ್ದು ‘ಮುಂದೆ’ ಎಂದಾದರೆ ಅದೂ ಸಿಗದು. ಐಡಿ ಎಂಬ ಗುರುತು ಒಂದು ಪುಟದಲ್ಲಿ ಒಂದಕ್ಕೇ ಇರಬೇಕೆಂಬ ನಿಯಮವಿದೆ. ಅದು ಖಾತೆ ಸಂಖ್ಯೆಯಂತೆ. ಆದರೆ ಕೆಲವು ಪುಟಗಳಲ್ಲಿ ಐಡಿ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಅದು ನಮ್ಮ ಕಾಲದ ಹಿತ್ತಾಳೆ ಟೋಕನ್ ಇದ್ದಂತೆ. ಇವತ್ತು 17 ನಿಮ್ಮದು, ನಾಳೆ ಇನ್ಯಾರದೋ. ಟೋಕನ್ ನಂಬಿ ಲೆಡ್ಜರ್ ಬರೆಯಲಾದೀತೇ?

ಹಾಗಾದರೆ ಒಳ್ಳೆಯ ಗುರುತು ಯಾವುದು? ಇದಕ್ಕೆ ಉತ್ತರ ನಮ್ಮ ಬೀದಿಯ ಮೇಷ್ಟ್ರಲ್ಲಿದೆ. ಅವರಿಗೆ ಕಣ್ಣು ಕಾಣಿಸುವುದಿಲ್ಲ. ಮೊಬೈಲಿನ ಟಾಕ್‌ಬ್ಯಾಕ್ ಪರದೆಯಲ್ಲಿರುವುದನ್ನು ಅವರಿಗೆ ಓದಿ ಹೇಳುತ್ತದೆ. ಒಂದು ಆ್ಯಪ್‌ನಲ್ಲಿ ಬಾಕಿ ಹಣ ತೋರಿಸುವ ಬಟನ್‌ಗೆ ಬರೀ ಚಿತ್ರ, ಹಿಂದಿನ ಬರಹದಲ್ಲಿ ಹೆಸರೇ ಇಲ್ಲ. ಟಾಕ್‌ಬ್ಯಾಕ್ ‘ಬಟನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಪಿಂಚಣಿ ಬಂತೇ ಎಂದು ತಿಳಿಯಲು ಅವರು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಿತ್ತು. “ನನ್ನ ದುಡ್ಡು ನೋಡೋಕೆ ಇನ್ನೊಬ್ಬರ ಕಣ್ಣು ಬೇಕೇನ್ರೀ?” ಎಂದು ನನ್ನನ್ನು ಕೇಳಿದರು.

ಮೊಮ್ಮಗಳಿಗೆ ಇದನ್ನು ಹೇಳಿದೆ. “ತಾತ, ‘ಬಾಕಿ ಎಂಬ ಹೆಸರಿನ ಬಟನ್ ಹುಡುಕು’ ಅಂತ ನಾವು ಪರೀಕ್ಷೆ ಬರೆದರೆ, ಹೆಸರಿಲ್ಲದಾಗ ಪರೀಕ್ಷೆ ಅಲ್ಲೇ ಫೇಲ್ ಆಗುತ್ತೆ. ಮೇಷ್ಟ್ರಿಗೆ ತೊಂದರೆ ಆಗೋ ಮೊದಲೇ ನಮಗೆ ಗೊತ್ತಾಗುತ್ತೆ” ಎಂದಳು. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್ ಎಂಬ ಸಾಧನವೂ ಹೀಗೆ ಕೆಲಸ ಮತ್ತು ಹೆಸರು ಹಿಡಿದು ಹುಡುಕಿ ಎಂದೇ ಸಲಹೆ ಕೊಡುತ್ತದೆ. ಪರೀಕ್ಷೆಯವರಿಗೆ ಮಾತ್ರ ಕಾಣುವ ಗುಟ್ಟಿನ ಗುರುತನ್ನೂ ಇಡಬಹುದು. ಆದರೆ ಅದರಿಂದ ಯಂತ್ರಕ್ಕೆ ಅನುಕೂಲ, ಮೇಷ್ಟ್ರಿಗೆ ಏನೂ ಇಲ್ಲ.

ಅಜ್ಜ-ಅಜ್ಜಿಯರೇ, ಈ ಭಾನುವಾರ ಮಕ್ಕಳೊಂದಿಗೆ ಒಂದು ಆಟವಾಡಿ. ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿಟ್ಟು, “ಎಡದಿಂದ ಮೂರನೇ ಡಬ್ಬಿ ತಾ” ಎನ್ನಿ, ಸಾಸಿವೆ ಬರುತ್ತದೆ. ಡಬ್ಬಿಗಳನ್ನು ಅದಲುಬದಲು ಮಾಡಿ ಅದನ್ನೇ ಹೇಳಿ, ಮೆಂತ್ಯ ಬಂದೀತು. ಆಮೇಲೆ ಮಕ್ಕಳಿಂದಲೇ ದಪ್ಪ ಅಕ್ಷರದಲ್ಲಿ ಹೆಸರು ಬರೆಸಿ ಅಂಟಿಸಿ. ಕನ್ನಡಕ ಮರೆತ ದಿನವೂ ಒಗ್ಗರಣೆ ಕೆಡುವುದಿಲ್ಲ.