ಪಟ್ಟಿಯಲ್ಲಿ ಶಿರಾ, ಮಧುಗಿರಿ, ಪಾವಗಡ. ಕೆಲಸ ಮಾತ್ರ ಹೈವೇ ಪಕ್ಕ: ಗೌಡಗೆರೆಗೆ ಸಿಕ್ಕಿದ್ದೇನು?

ಗೌಡಗೆರೆ (ಶಿರಾ ತಾ.): ಕಾರ್ಖಾನೆ ಹಾಕೋರಿಗೆ ಸರ್ಕಾರ ಎಷ್ಟು ರಿಯಾಯಿತಿ ಕೊಡಬೇಕು ಅನ್ನೋದು ಬಹುಮಟ್ಟಿಗೆ ತಾಲ್ಲೂಕಿನ ಹೆಸರಿನ ಮೇಲೆ ನಿಂತಿದೆ. ಹಿಂದುಳಿದ ತಾಲ್ಲೂಕಾದರೆ ಹೆಚ್ಚು, ಬೆಂಗಳೂರಾದರೆ ಕಡಿಮೆ. ಆ ಲೆಕ್ಕದಲ್ಲಿ ಶಿರಾ, ಮಧುಗಿರಿ, ಪಾವಗಡ ಎರಡು ದಶಕದಿಂದ ಹೆಚ್ಚು ರಿಯಾಯಿತಿ ಸಿಗಬೇಕಾದ ಸಾಲಿನಲ್ಲೇ ಇವೆ. ಆದರೂ ಹೋಬಳಿಯ ಹುಡುಗರು ಕೆಲಸ ಹುಡುಕಿ ತುಮಕೂರು, ಬೆಂಗಳೂರಿನ ಬಸ್ ಹತ್ತೋದು ತಪ್ಪಿಲ್ಲ. ಹಾಗಾದರೆ ರಿಯಾಯಿತಿ ಹೋಗಿದ್ದೆಲ್ಲಿಗೆ?

ಪಟ್ಟಿ ಹುಟ್ಟಿದ್ದು ಹೀಗೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಶಿರಾ, ಮಧುಗಿರಿ, ಪಾವಗಡ ಮೂರೂ ಆ 39ರಲ್ಲಿ ಸೇರಿದವು. ನಂತರದ ಕೈಗಾರಿಕಾ ನೀತಿಗಳು ರಾಜ್ಯವನ್ನು ವಲಯಗಳಾಗಿ ವಿಂಗಡಿಸಿದವು. 2025-30ರ ನೀತಿಯಲ್ಲೂ ಮೂರು ವಲಯ ಇವೆ. ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳು ಮೂರನೆಯದರಲ್ಲಿವೆ. 20 ಲಕ್ಷ ಉದ್ಯೋಗ ಸೃಷ್ಟಿ ಈ ನೀತಿಯ ಗುರಿ.

ಒಂದು ವಿಷಯ ಅಂಗಡಿಯವರಿಗೂ ಗೊತ್ತಿರಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ, ರಾಜ್ಯ ಸರ್ಕಾರ ತಾನೇ ಒಂದು ಕಾರ್ಖಾನೆಗೆ ಮಾರಾಟ ತೆರಿಗೆ ಮಾಫಿ ಮಾಡೋ ಹಳೇ ದಾರಿ ಮುಚ್ಚಿತು. ಈಗ ಕಂಪನಿ ಮೊದಲು ತೆರಿಗೆ ಕಟ್ಟುತ್ತೆ, ಸರ್ಕಾರ ಆಮೇಲೆ ಬಂಡವಾಳ ಅಥವಾ ವಹಿವಾಟಿನ ಲೆಕ್ಕದಲ್ಲಿ ಸಹಾಯಧನ ಕೊಡುತ್ತೆ. ಅಂದರೆ ಇದು ಬಜೆಟ್‌ನಿಂದ ಹೋಗುವ ದುಡ್ಡು, ಜನರ ದುಡ್ಡು. ಎಷ್ಟು ಕೆಲಸ ಬಂತು ಅಂತ ಕೇಳೋ ಹಕ್ಕು ಜನರಿಗಿದೆ.

ರಸ್ತೆ ಇದ್ದ ಕಡೆ ಕಾರ್ಖಾನೆ

ಜಿಲ್ಲೆಯಲ್ಲಿ ದೊಡ್ಡ ಕೈಗಾರಿಕೆ ಬಂದು ನಿಂತಿದ್ದು ತುಮಕೂರು ತಾಲ್ಲೂಕಿನ ವಸಂತನರಸಾಪುರದಲ್ಲಿ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಅಲ್ಲಿನ ಫುಡ್ ಪಾರ್ಕ್ ಉದ್ಘಾಟಿಸಿದರು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಚೆನ್ನೈ-ಬೆಂಗಳೂರು ಕಾರಿಡಾರ್ ಅಡಿ ತುಮಕೂರು ಕೈಗಾರಿಕಾ ಪ್ರದೇಶಕ್ಕೆ 1,701.81 ಕೋಟಿ ರೂಪಾಯಿ ಯೋಜನೆ ಒಪ್ಪಿತು. 88,500 ಜನರಿಗೆ ಕೆಲಸ ಸಿಗುತ್ತೆ ಅನ್ನೋದು ಆಗಿನ ಅಂದಾಜು.

ಅಲ್ಲಿಗೆ ಯಾಕೆ ಹೋದವು? ಹೈವೇ ಪಕ್ಕದಲ್ಲೇ ಇದೆ, ಬೆಂಗಳೂರು ಹತ್ತಿರ, ಜಾಗ ಒಂದೇ ಕಡೆ ಸಿಗುತ್ತೆ. ಸಬ್ಸಿಡಿ ಇದೆ ಅಂತ ಯಾರೂ ನೀರಿಲ್ಲದ, ಲಾರಿ ತಿರುಗಲಾಗದ ಊರಿಗೆ ಬರಲ್ಲ. ತುಮಕೂರು-ರಾಯದುರ್ಗ, ತುಮಕೂರು-ದಾವಣಗೆರೆ ರೈಲು ಮಾರ್ಗಗಳಿಗಾಗಿ ಈ ಭಾಗದವರು ವರ್ಷಗಟ್ಟಲೆ ಕಾದಿರೋದಕ್ಕೂ ಇದೇ ಕಾರಣ.

ಪಾವಗಡದ ಪಾಠ

ಬಂಡವಾಳ ಬಂದರೆ ಕೆಲಸ ಬಂದೇ ಬರುತ್ತೆ ಅನ್ನೋರು ಪಾವಗಡ ನೋಡಬೇಕು. ತಿರುಮಣಿ, ವಳ್ಳೂರು ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ ನಿಗದಿಯಾಯಿತು, ಎರಡು ವರ್ಷಕ್ಕೊಮ್ಮೆ ಶೇ.5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕುತ್ತಿದ್ದ ರೈತನಿಗೆ ಇದು ಖಾತ್ರಿ ಆದಾಯ. ಆದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಜಮೀನಿಲ್ಲದ ಮನೆಗೆ ಬಾಡಿಗೆ ಬರಲಿಲ್ಲ. ಪ್ಯಾನಲ್ ಕೂರಿಸುವಾಗ ಇದ್ದ ಕೆಲಸ ಮುಗಿದ ಮೇಲೆ ಉಳಿದಿದ್ದು ಸೆಕ್ಯೂರಿಟಿ, ಪ್ಯಾನಲ್ ತೊಳೆಯೋದು, ಕಳೆ ತೆಗೆಯೋದು.

ಗಡಿ ದಾಟಿದರೆ ಆಂಧ್ರದ ಪೆನುಕೊಂಡ. ಅಲ್ಲಿ 2019ರಲ್ಲಿ ಕಿಯಾ ಕಾರ್ ಕಾರ್ಖಾನೆ ಶುರುವಾಯಿತು. ಆಂಧ್ರವೂ ದೊಡ್ಡ ರಿಯಾಯಿತಿ ಕೊಟ್ಟೇ ಕರೆತಂದಿತು. ಕಾರಿನ ಜತೆ ಬಿಡಿಭಾಗ ಮಾಡುವ ಘಟಕಗಳೂ ಬಂದವು. ಹೀಗೆ ಬಂದಾಗ ಊಟದ ಹೋಟೆಲ್, ಬಾಡಿಗೆ ಮನೆ, ಟೆಂಪೊ, ಗ್ಯಾರೇಜ್‌ಗೂ ವ್ಯಾಪಾರ ಹುಟ್ಟುತ್ತೆ. ಎಷ್ಟು ಕೋಟಿ ಬಂತು ಅನ್ನೋದಕ್ಕಿಂತ ಎಂಥ ಕೈಗಾರಿಕೆ ಬಂತು ಅನ್ನೋದು ಮುಖ್ಯ ಅಂತ ಹೇಳೋದು ಇದಕ್ಕೇ.

ಅಂಗಡಿಗೆ ನೋಟಿಸ್

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದು ಇಲ್ಲಿ ಯಾರೂ ಮರೆತಿಲ್ಲ. ಪ್ರತಿಭಟನೆ ಎದ್ದ ಮೇಲೆ, ಜಿಎಸ್‌ಟಿ ನೋಂದಣಿ ಮಾಡಿಸಿದರೆ ಹಳೇ ಬಾಕಿ ಕೇಳಲ್ಲ ಎಂದು ಸರ್ಕಾರ ಭರವಸೆ ಕೊಟ್ಟಿತು. ಸರಕು ಮಾರೋರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು, ಇದು ಕಾನೂನು. ಆದರೆ ಈ 40 ಲಕ್ಷದ ಗೆರೆ ಬೆಂಗಳೂರಿನ ಅಂಗಡಿಗೂ ಗೌಡಗೆರೆಯ ಅಂಗಡಿಗೂ ಒಂದೇ. ಹಿಂದುಳಿದ ತಾಲ್ಲೂಕು ಅನ್ನೋ ಲೆಕ್ಕ ಕಾರ್ಖಾನೆಗೆ ಉಂಟು, ಕಿರಾಣಿ ಅಂಗಡಿಗೆ ಇಲ್ಲ.

ಸಣ್ಣವರಿಗೆ ಇರುವ ದಾರಿ ಬೇರೆ. ಎಣ್ಣೆ ಗಾಣ, ಹಿಟ್ಟಿನ ಗಿರಣಿ, ಹುಣಸೆ ಸಂಸ್ಕರಣೆಯಂಥ ಕಿರು ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ.35 ಸಹಾಯಧನವಿದ್ದು, ರಾಜ್ಯದ ಪಾಲು ಸೇರಿ ಶೇ.50ರವರೆಗೆ, ಗರಿಷ್ಠ 15 ಲಕ್ಷ ನಿಗದಿಯಾಗಿದೆ. ಪಿಎಂಇಜಿಪಿಯಲ್ಲಿ ಹಳ್ಳಿಯಲ್ಲಿ ಘಟಕ ಹಾಕಿದರೆ ಶೇ.25, ಮಹಿಳೆಯರು ಮತ್ತು ಮೀಸಲು ವರ್ಗದವರಿಗೆ ಶೇ.35. ಎರಡರಲ್ಲೂ ಬ್ಯಾಂಕ್ ಸಾಲ ಮಂಜೂರಾದರೆ ಮಾತ್ರ ಸಹಾಯಧನ. ಹೋಬಳಿ ಮಟ್ಟದಲ್ಲಿ ಅರ್ಜಿ ನಿಲ್ಲೋದು ಇಲ್ಲೇ.

ಕೇಳಬೇಕಾದ ಲೆಕ್ಕ

ಕನ್ನಡಿಗರಿಗೆ ಶೇ.70, ಡಿ ವೃಂದದಲ್ಲಿ ಶೇ.100 ಕೆಲಸ ಎಂದು ಕೈಗಾರಿಕಾ ನೀತಿಗಳು ಹಿಂದಿನಿಂದ ಹೇಳುತ್ತಾ ಬಂದಿವೆ. 'ಕನ್ನಡಿಗರು' ಅಂದರೆ ಇಡೀ ರಾಜ್ಯ. ಜಮೀನು ಕೊಟ್ಟ ತಾಲ್ಲೂಕಿನವರು ಎಷ್ಟು ಜನ, ಕಾಯಂ ಎಷ್ಟು, ಗುತ್ತಿಗೆ ಎಷ್ಟು ಅನ್ನೋ ಲೆಕ್ಕ ಬೇರೆಯೇ ಬೇಕು. ಸಹಾಯಧನ ಪಡೆದ ಪ್ರತಿ ಘಟಕದ ಈ ಲೆಕ್ಕವನ್ನು ಜಿಲ್ಲಾ ಕೈಗಾರಿಕಾ ಕೇಂದ್ರ ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ಬೋರ್ಡಿಗೆ ಹಾಕಿದರೆ ಸಾಕು, ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತೆ. ಮುಂದಿನ ಗ್ರಾಮಸಭೆಯಲ್ಲಿ, ಕಾರ್ಖಾನೆ ಯಾವಾಗ ಬರುತ್ತೆ ಅಂತ ಕೇಳೋ ಮುಂಚೆ, ಬಂದ ಕಾರ್ಖಾನೆಯಲ್ಲಿ ನಮ್ಮೂರಿನವರು ಎಷ್ಟು ಜನ ಅಂತ ಕೇಳೋದು ಒಳ್ಳೇದು.