ಹೆಪಲ್‌ವೈಟ್ ಕುರ್ಚಿ ಮತ್ತು ಅಬ್ಬನ ಪೆನ್ಸಿಲ್

ಪಿಯುಸಿಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂದಿದ್ದ ಕಡೆ ನಾನು 'ವ್ಯಾಪಾರ' ಎಂದು ಬರೆದೆ. ನಿಜ ಹೇಳಬೇಕೆಂದರೆ ಅಬ್ಬ ಬಡಗಿ. ಹಳೆಯ ಮೇಜು ಕುರ್ಚಿಗಳನ್ನು ರಿಪೇರಿ ಮಾಡುತ್ತಾರೆ. ಹಾಗೆಂದು ಬರೆಯಲು ನನಗೆ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ಬಿಡಿಸಿದ್ದು ಒಂದು ಕುರ್ಚಿ. ಅದರ ಕಥೆಯನ್ನು ನಿಮಗೂ ಹೇಳಬೇಕು ಅನ್ನಿಸಿತು.

ಕಳೆದ ರಜೆಯಲ್ಲಿ ಒಬ್ಬರು ಹಿಂಗಾಲು ಸಡಿಲವಾದ ಕುರ್ಚಿಯೊಂದನ್ನು ಅಬ್ಬನ ಶೆಡ್ಡಿಗೆ ತಂದರು. ಬೆನ್ನು ಒರಗುವ ಭಾಗ ಗುರಾಣಿಯ ಆಕಾರದಲ್ಲಿತ್ತು. ಅದರ ನಡುವೆ ಗೋಧಿ ತೆನೆಗಳ ಕೆತ್ತನೆ. ಚೌಕಾಕಾರದ ಕಾಲುಗಳು ಕೆಳಗಿಳಿದಂತೆ ಸಪೂರವಾಗಿ, ತುದಿಯಲ್ಲಿ ಪುಟ್ಟ ಸನಿಕೆಯಂತಹ ಪಾದಗಳಾಗಿದ್ದವು. "ಇದು ಹೆಪಲ್‌ವೈಟ್ ಕುರ್ಚಿ, ಜೋಪಾನ" ಎಂದರು ಅವರು. ಅವರು ಹೋದ ಮೇಲೆ ಅಬ್ಬ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ, "ನಕಲು. ಆದರೆ ನಕಲು ಮಾಡಿದವನಿಗೂ ಕೆಲಸ ಗೊತ್ತಿತ್ತು" ಎಂದರು. ಹೆಪಲ್‌ವೈಟ್ ಎಂದರೆ ಯಾರು ಎಂದು ನಾನು ಹುಡುಕಲು ಶುರುಮಾಡಿದ್ದು ಆಗಲೇ.

ಜಾರ್ಜ್ ಹೆಪಲ್‌ವೈಟ್ ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದ ಬಡಗಿ. 1786ರಲ್ಲಿ ತೀರಿಕೊಂಡಾಗ ಆತ ಪ್ರಸಿದ್ಧನೇನೂ ಆಗಿರಲಿಲ್ಲ. ಅಂಗಡಿಯ ಹೊಣೆ ಹೆಂಡತಿ ಆಲಿಸ್ ಹೆಗಲಿಗೆ ಬಿತ್ತು. ಎರಡು ವರ್ಷಗಳ ನಂತರ, 1788ರಲ್ಲಿ, 'ಎ. ಹೆಪಲ್‌ವೈಟ್ ಅಂಡ್ ಕಂಪನಿ'ಯ ಹೆಸರಿನಲ್ಲಿ ಒಂದು ದೊಡ್ಡ ನಕ್ಷೆ ಪುಸ್ತಕ ಹೊರಬಂತು. ಅದರಲ್ಲಿ ಕುರ್ಚಿ, ಸೋಫಾ, ಮೇಜು, ಮಂಚ, ಪುಸ್ತಕದ ಕಪಾಟು ಎಲ್ಲ ಸೇರಿ ಸುಮಾರು 300 ವಿನ್ಯಾಸಗಳಿದ್ದವು. 1794ರ ಹೊತ್ತಿಗೆ ಅದು ಮೂರನೆಯ ಮುದ್ರಣ ಕಂಡಿತು.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದು. ಇದು ಜಾರ್ಜ್ ಹೆಪಲ್‌ವೈಟ್ ಕೈಯಿಂದಲೇ ಆದದ್ದು ಎಂದು ಖಚಿತವಾಗಿ ತೋರಿಸಬಹುದಾದ ಒಂದೇ ಒಂದು ಕುರ್ಚಿಯೂ ಇಂದು ಲೋಕದಲ್ಲಿ ಇಲ್ಲ! ಆದರೂ ಒಂದು ಇಡೀ ಶೈಲಿಗೆ ಅವನ ಹೆಸರಿದೆ. ಕುರ್ಚಿಗಳು ಆ ಹೆಸರನ್ನು ಉಳಿಸಲಿಲ್ಲ. ಕಾಗದ ಉಳಿಸಿತು.

ಶೈಲಿಯೂ ಅವನೊಬ್ಬನ ಸ್ವಂತದ್ದಲ್ಲ. 1748ರಲ್ಲಿ ಇಟಲಿಯ ಪಾಂಪೆಯಲ್ಲಿ ಉತ್ಖನನ ಶುರುವಾದ ಮೇಲೆ ಪ್ರಾಚೀನ ರೋಮಿನ ಕಲೆಯ ಬಗ್ಗೆ ಯುರೋಪಿನಲ್ಲಿ ಹೊಸ ಹುಚ್ಚು ಹುಟ್ಟಿತ್ತು. ಇಟಲಿ ಸುತ್ತಿ ಬಂದ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಆ ಕಲಶ, ಹೂಮಾಲೆ, ನೇರ ಗೆರೆಗಳನ್ನು ಬ್ರಿಟನ್ನಿನ ಸಿರಿವಂತರ ಬಂಗಲೆಗಳಿಗೆ ತಂದ. ಅದನ್ನು ಸಾಮಾನ್ಯ ಬಡಗಿಯ ಕೆಲಸದ ಮೇಜಿಗೆ ಇಳಿಸಿದ್ದು ಆಲಿಸ್ ಹೊರತಂದ ಪುಸ್ತಕ. ತಾವು ಹೊಸದೇನನ್ನೋ ಕಂಡುಹಿಡಿದೆವು ಎಂದು ಅದರ ಮುನ್ನುಡಿ ಜಂಬ ಪಡುವುದಿಲ್ಲ. ಆಗ ಬಳಕೆಯಲ್ಲಿದ್ದ ಅಭಿರುಚಿಯನ್ನೇ ಅನುಸರಿಸಿದ್ದೇವೆ ಎಂದು ಒಪ್ಪಿಕೊಳ್ಳುತ್ತದೆ. ಕುರ್ಚಿಯ ಅಳತೆಯನ್ನೂ ಮುಚ್ಚಿಡದೆ ಕೊಡುತ್ತದೆ: ಮುಂದಿನ ಅಗಲ 20 ಇಂಚು, ಆಸನದ ಆಳ 17, ಎತ್ತರ 17, ಒಟ್ಟು ಎತ್ತರ ಸುಮಾರು 3 ಅಡಿ 1 ಇಂಚು.

ಈ ಅಳತೆಯನ್ನು ಅಬ್ಬನಿಗೆ ಓದಿ ಹೇಳಿದೆ. ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಹಲಗೆಯೊಂದರ ಮೇಲೆ ಬರೆದುಕೊಂಡರು. ಆಮೇಲೆ ಟೇಪ್ ಹಿಡಿದು ತಾವೇ ಮಾಡಿದ್ದ ಕುರ್ಚಿಯನ್ನು ಅಳೆದರು. ಆಸನದ ಎತ್ತರ ಹದಿನೇಳೂವರೆ. "ಅರ್ಧ ಇಂಚು ನನ್ನದು" ಎಂದು ನಕ್ಕರು. ಗುರಾಣಿಯಂತಹ ಆ ಒರಗು ಆಸನಕ್ಕೆ ತಾಗದೆ ಮೇಲೆಯೇ ನಿಂತಿದೆ, ಹಿಂಗಾಲುಗಳೇ ಮೇಲಕ್ಕೆ ಮುಂದುವರಿದು ಅದನ್ನು ಹೊತ್ತಿವೆ, ಆದ್ದರಿಂದ ಭಾರವೆಲ್ಲ ಅಲ್ಲಿ ಬೀಳುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಅದು ನಾನು ಓದಿದ ಯಾವ ಬರಹದಲ್ಲೂ ಇರಲಿಲ್ಲ.

'ಇಂಗ್ಲೆಂಡಿನ ಸಿರಿವಂತರ ಕುರ್ಚಿಯನ್ನು ಹೊಗಳುವುದೇಕೆ?' ಎಂದು ಗೆಳೆಯನೊಬ್ಬ ಕೇಳಿದ. ಪ್ರಶ್ನೆ ಸರಿಯಾಗಿಯೇ ಇದೆ. ಆ ಕಾಲದ ಮಹಾಗನಿ ಜಮೈಕಾ, ಕ್ಯೂಬಾ, ಹೊಂಡುರಾಸ್ ಕಡೆಯಿಂದ ಬರುತ್ತಿತ್ತು. ಆ ಕಾಡುಗಳಲ್ಲಿ ಮರ ಕಡಿದವರಲ್ಲಿ ಬಹಳಷ್ಟು ಜನ ಆಫ್ರಿಕಾದಿಂದ ತಂದ ಗುಲಾಮರು. ಇಂತಹ ಪೀಠೋಪಕರಣಗಳಲ್ಲಿ ಬಳಸುತ್ತಿದ್ದ ಹೊನ್ನಿನ ಬಣ್ಣದ ಸ್ಯಾಟಿನ್‌ವುಡ್ ಕೆರಿಬಿಯನ್ ದ್ವೀಪಗಳಿಂದ ಬರುತ್ತಿತ್ತು. ಪೂರ್ವದ ಸ್ಯಾಟಿನ್‌ವುಡ್ ಎನ್ನುವ ಮರ ಸಿಲೋನ್ ಮತ್ತು ದಕ್ಷಿಣ ಭಾರತದ್ದು. ನಮ್ಮ ಒಣ ಕಾಡುಗಳಲ್ಲಿ ಬೆಳೆಯುವ ಹುರಗಲು ಮರವೇ ಅದು. ಮರ ಕಡಿದವರ, ಉಳಿ ಹಿಡಿದವರ ಹೆಸರು ಯಾವ ಶೈಲಿಗೂ ಇಲ್ಲ. ಕುರ್ಚಿಯ ಅಂದವನ್ನು ನೋಡುವಾಗ ಇದನ್ನೂ ನೋಡಬೇಕು ಎಂದೇ ನನ್ನ ವಾದ.

ಆದರೆ ಆಲಿಸ್ ಮಾಡಿದ ಕೆಲಸ ಚಿಕ್ಕದಲ್ಲ. ಮೂರು ವರ್ಷವಾಗುವಷ್ಟರಲ್ಲಿ, 1791ರಿಂದ, ಥಾಮಸ್ ಶೆರಟನ್ ತನ್ನದೇ ನಕ್ಷೆ ಪುಸ್ತಕ ಹೊರತರಲು ಶುರುಮಾಡಿ, ಹೆಪಲ್‌ವೈಟ್ ಪುಸ್ತಕ ಆಗಲೇ ಹಳತಾಯಿತು ಎಂದು ಮೂಗು ಮುರಿದ. ಆತ 1806ರಲ್ಲಿ ಬಡತನದಲ್ಲಿ ಸತ್ತ. ಇಂದು ಎರಡು ಹೆಸರೂ ಜೊತೆಜೊತೆಗೇ ಉಳಿದಿವೆ. ಕಾರಣ ಒಂದೇ, ಇಬ್ಬರ ಕಸುಬೂ ಕಾಗದದ ಮೇಲೆ ಬಂದಿತ್ತು.

ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಬಡಗಿ, ದರ್ಜಿ, ಬೀಡಿ ಕಟ್ಟುವವರು, ಮೀನುಗಾರರು, ಮೆಕ್ಯಾನಿಕ್‌ಗಳಿದ್ದಾರೆ. ಅವರಿಗೆ ಗೊತ್ತಿರುವುದು ಎಲ್ಲೂ ಬರೆದಿಲ್ಲ. ಅಬ್ಬನ ಅಳತೆಗಳೆಲ್ಲ ಹಲಗೆ ಚೂರುಗಳ ಮೇಲಿವೆ. ಮಳೆಗಾಲದಲ್ಲಿ ಅವು ಒಲೆಗೆ ಹೋಗುತ್ತವೆ. ಓದುಬರಹ ಕಲಿತ ನಾವು ಅರ್ಜಿಯಲ್ಲಿ ಅವರ ಕಸುಬನ್ನೇ ಮುಚ್ಚಿಡುತ್ತೇವೆ. ಮುಚ್ಚಿಟ್ಟವರಲ್ಲಿ ನಾನೇ ಮೊದಲಿಗ.

ಆದ್ದರಿಂದ ಸಂಪಾದಕ ಬಳಗಕ್ಕೆ ಒಂದು ಮನವಿ. ಪ್ರತಿ ಸಂಚಿಕೆಯಲ್ಲಿ ಒಂದು ಪುಟವನ್ನು ನಮ್ಮ ಮನೆಯವರ ಕಸುಬಿಗೆ ಮೀಸಲಿಡಿ. ಹೊಗಳಿಕೆ ಬೇಡ. ಅಳತೆ, ಉಪಕರಣದ ಹೆಸರು, ಕೆಲಸದ ಕ್ರಮ, ಒಂದು ಚಿತ್ರ ಇದ್ದರೆ ಸಾಕು. ಉಪನ್ಯಾಸಕರು ಇದನ್ನು ಪ್ರಾಜೆಕ್ಟ್ ಆಗಿ ಕೊಟ್ಟರೆ ಇನ್ನೂ ಒಳ್ಳೆಯದು. ಮೊದಲ ಪುಟಕ್ಕೆ ಅಬ್ಬನ ಹದಿನೇಳೂವರೆ ಇಂಚಿನ ಕುರ್ಚಿಯ ನಕ್ಷೆಯನ್ನು ನಾನು ಬಿಡಿಸಿ ಇಟ್ಟಿದ್ದೇನೆ.

ಈ ವರ್ಷದ ಅರ್ಜಿಯಲ್ಲಿ 'ಬಡಗಿ' ಎಂದೇ ಬರೆದಿದ್ದೇನೆ.