ಹಳೆಯ ಆಟಕ್ಕೆ ಮರಳುವವರು

ಹೊಸದು ಬಂದ ಮೇಲೆ ಹಳೆಯದನ್ನು ಕೈಬಿಡುವುದೇ ಪ್ರಗತಿಯ ಲಕ್ಷಣವೆಂದು ಭಾವಿಸುವುದು ವಾಡಿಕೆ. ವಿಜ್ಞಾನದ ವಿದ್ಯಾರ್ಥಿಗಳಲ್ಲಂತೂ ಈ ಭಾವನೆ ಬಲವಾಗಿ ಬೇರೂರಿರುತ್ತದೆ. ಆದುದರಿಂದಲೇ ಗಣಕಯಂತ್ರದಲ್ಲಿ ಆಡುವ ತಂತ್ರಪ್ರಧಾನ ಆಟವೊಂದರ ಹೊಸ ಭಾಗವನ್ನು ಕೊಂಡು, ಹದಿನೈದು ದಿನ ಆಡಿ, ಮತ್ತೆ ಹಳೆಯ ಭಾಗಕ್ಕೇ ಮರಳಿದ ತರುಣನನ್ನು ವಿದ್ಯಾರ್ಥಿನಿಲಯದ ಗೆಳೆಯರು ಹೊಸತಿಗೆ ಒಗ್ಗದವನೆಂದು ಹಾಸ್ಯ ಮಾಡುವುದುಂಟು. ಈ ಹಾಸ್ಯ ನ್ಯಾಯವಾದುದಲ್ಲ. ಆದರೆ ಹೀಗೆ ಮರಳಿದವರು ಹೊಸ ಆಟದ ವಿಷಯದಲ್ಲಿ ಕೊಡುವ ತೀರ್ಪೂ ಬಹುಮಟ್ಟಿಗೆ ಅವಸರದ್ದೆಂದೇ ನನ್ನ ಅಭಿಪ್ರಾಯ. ಎರಡನ್ನೂ ಒಂದು ನಿದರ್ಶನದ ಮೂಲಕ ವಿವರಿಸುತ್ತೇನೆ.

ನಿದರ್ಶನಕ್ಕೆ ‘ಸಿವಿಲೈಸೇಷನ್’ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬಿಬ್ಬರು ರೂಪಿಸಿದ ಈ ಆಟದ ಮೊದಲ ಭಾಗ ಅಮೆರಿಕದಲ್ಲಿ 1991ರಲ್ಲಿ ಹೊರಬಂದಿತು. ಚದುರಂಗದಂತೆ ಇಲ್ಲಿಯೂ ಸರದಿಯ ಪ್ರಕಾರ ನಡೆಗಳು. ಕ್ರಿಸ್ತಪೂರ್ವ 4000ದಲ್ಲಿ ಒಂದು ಹಳ್ಳಿಯಷ್ಟು ಜನರಿಂದ ಆರಂಭಿಸಿ ಊರುಗಳನ್ನು ಕಟ್ಟಿ, ವಿದ್ಯೆಗಳನ್ನು ಗಳಿಸಿ, ನೆರೆಯವರೊಡನೆ ಸ್ನೇಹವನ್ನೋ ಯುದ್ಧವನ್ನೋ ನಡೆಸುತ್ತ ಅಂತರಿಕ್ಷ ಯಾನದವರೆಗೂ ಒಂದು ನಾಗರಿಕತೆಯನ್ನು ನಡೆಸಿಕೊಂಡು ಹೋಗುವುದೇ ಆಟ. ಆರನೆಯ ಭಾಗ 2016ರ ಅಕ್ಟೋಬರಿನಲ್ಲಿಯೂ ಏಳನೆಯದು 2025ರ ಫೆಬ್ರವರಿ 11ರಂದೂ ಪ್ರಕಟವಾದವು. ಇವನ್ನು ರಚಿಸಿದ ಫಿರಾಕ್ಸಿಸ್ ಸಂಸ್ಥೆಯಲ್ಲಿ ಒಂದು ಸೂತ್ರ ಪ್ರಸಿದ್ಧವಾಗಿದೆ: ಪ್ರತಿಯೊಂದು ಹೊಸ ಭಾಗದಲ್ಲಿಯೂ ಮೂರರಲ್ಲಿ ಒಂದು ಪಾಲು ಹಳೆಯದು ಹಾಗೆಯೇ ಉಳಿಯಬೇಕು, ಒಂದು ಪಾಲು ತಿದ್ದಿ ಉತ್ತಮಪಡಿಸಿದುದಾಗಿರಬೇಕು, ಉಳಿದ ಪಾಲು ಪೂರ್ಣ ಹೊಸದಾಗಿರಬೇಕು. ಸೂತ್ರವೇನೋ ಸೊಗಸಾಗಿದೆ.

ಏಳನೆಯ ಭಾಗ ಹೊರಬಂದಾಗ ಆಟಗಾರರು ಹೇಳಿದ ಮೊದಲ ಮಾತು ‘ಇದು ಇನ್ನೂ ಮುಗಿದಿಲ್ಲ’ ಎಂಬುದು. ಅದು ಬರಿಯ ಗೊಣಗಾಟವಾಗಿರಲಿಲ್ಲ. ಪರದೆಯ ಮೇಲೆ ಮೂಡುವ ಅಂಕಿಗಳು ಎಲ್ಲಿಂದ ಬಂದುವೆಂಬುದನ್ನು ತಿಳಿಯಲು ಸಾಕಷ್ಟು ವಿವರಣೆ ಇರಲಿಲ್ಲ. ಹಿಂದಿನ ಭಾಗಗಳಲ್ಲಿದ್ದ ಅತಿ ದೊಡ್ಡ ಭೂಪಟಗಳು ಇರಲಿಲ್ಲ. ಅವು ತಿಂಗಳುಗಳ ಅನಂತರ ಸೇರಿಕೊಂಡವು. ಗೆದ್ದ ಮೇಲೂ ‘ಇನ್ನೊಂದೇ ಸರದಿ’ ಎಂದು ಆಟವನ್ನು ಮುಂದುವರಿಸುವ ಸೌಲಭ್ಯ ಈ ಆಟದ ಹೆಸರಿಗೇ ಅಂಟಿಕೊಂಡಿದ್ದುದು. ಅದೂ ಆರಂಭದಲ್ಲಿ ಕಾಣೆಯಾಗಿದ್ದಿತು. ಆರನೆಯ ಭಾಗದ ಕೊನೆಯ ವಿಸ್ತರಣದಲ್ಲಿ ವಿಜ್ಞಾನದ ಗೆಲುವೆಂದರೆ ಬೇರೊಂದು ನಕ್ಷತ್ರದ ಗ್ರಹಕ್ಕೆ ಯಾತ್ರೆ. ಏಳನೆಯದರಲ್ಲಿ ಮನುಷ್ಯನು ಮೊದಲ ಬಾರಿಗೆ ಅಂತರಿಕ್ಷಕ್ಕೆ ಹಾರುವುದರೊಡನೆ ಕಥೆ ಮುಗಿದುಹೋಗುತ್ತದೆ. ಕೃತಕ ಉಪಗ್ರಹಗಳ, ಗಣಕಗಳ ಯುಗವೊಂದು ಇನ್ನೂ ಬರಬೇಕಾಗಿತ್ತೇನೋ ಎಂಬ ಸಂದೇಹ ಯಾರಿಗಾದರೂ ಬರುವುದು ಸಹಜ. ಫಲವೇನೆಂದರೆ, ಕೆಲವೇ ತಿಂಗಳುಗಳಲ್ಲಿ, ‘ಸ್ಟೀಮ್’ ಎಂಬ ಆಟಗಳ ಮಾರುಕಟ್ಟೆಯ ಲೆಕ್ಕದಂತೆ, ಒಂದೇ ಹೊತ್ತಿನಲ್ಲಿ ಏಳನೆಯದನ್ನು ಆಡುತ್ತಿದ್ದವರ ಸಂಖ್ಯೆ ಆರನೆಯದನ್ನು ಆಡುತ್ತಿದ್ದವರದಕ್ಕಿಂತಲೂ, 2010ರ ಐದನೆಯದನ್ನು ಆಡುತ್ತಿದ್ದವರದಕ್ಕಿಂತಲೂ ಕೆಳಗಿಳಿಯಿತು. ಹಳೆಯ ಆಟ ಅಗ್ಗ. ಸಾಮಾನ್ಯ ಯಂತ್ರದಲ್ಲಿಯೂ ಓಡುತ್ತದೆ. ಇವೂ ಕಾರಣಗಳೇ. ಇವಿಷ್ಟೇ ಕಾರಣಗಳಲ್ಲ.

ಇನ್ನು ಏಳನೆಯದರ ಹೊಸ ಪಾಲಿನ ವಿಚಾರ. ನನ್ನ ದೃಷ್ಟಿಯಲ್ಲಿ ನಿಜವಾದ ಸ್ವಾರಸ್ಯವಿರುವುದು ಇಲ್ಲಿಯೇ. ಈ ಬಗೆಯ ಆಟಗಳಿಗೆಲ್ಲ ಹುಟ್ಟಿನಿಂದಲೇ ಬಂದ ಒಂದು ರೋಗವುಂಟು. ಹೆಚ್ಚು ಊರುಗಳುಳ್ಳವನಿಗೆ ಹೆಚ್ಚು ಧಾನ್ಯ, ಹೆಚ್ಚು ವಿದ್ಯೆ. ಅದರಿಂದ ಇನ್ನೂ ಹೆಚ್ಚು ಊರುಗಳು. ಇದು ಚಕ್ರಬಡ್ಡಿಯ ಲೆಕ್ಕವಲ್ಲದೆ ಬೇರೆಯಲ್ಲ. ಎರಡು ರಾಜ್ಯಗಳಲ್ಲಿ ಒಂದು ಪ್ರತಿ ಸರದಿಯಲ್ಲಿಯೂ ನೂರಕ್ಕೆ 2ರಂತೆ, ಇನ್ನೊಂದು ನೂರಕ್ಕೆ 3ರಂತೆ ಬೆಳೆಯುತ್ತವೆಂದು ಭಾವಿಸಿರಿ. ಮೊದಲ ಹತ್ತು ಸರದಿಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ನೂರು ಸರದಿಗಳ ಕೊನೆಗೆ ಮೊದಲನೆಯದು ಸುಮಾರು 7.2 ಪಟ್ಟು, ಎರಡನೆಯದು ಸುಮಾರು 19.2 ಪಟ್ಟು ಬೆಳೆದಿರುತ್ತವೆ. ಎಂದರೆ ಎರಡನೆಯದು ಮೊದಲನೆಯದರ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಇನ್ನೂರು ಸರದಿಗಳ ಕೊನೆಗೆ ಈ ಪ್ರಮಾಣ ಏಳಕ್ಕೆ ಏರುತ್ತದೆ. ಇಬ್ಬರಲ್ಲಿ ಗೆಲ್ಲುವವರು ಯಾರೆಂಬುದು ಆಟ ಮುಗಿಯುವುದಕ್ಕೆ ಎಷ್ಟೋ ಗಂಟೆಗಳ ಮೊದಲೇ ಸ್ಪಷ್ಟವಾಗುತ್ತದೆ. ಆಮೇಲಿನದೆಲ್ಲ ಬರಿಯ ಗುಮಾಸ್ತಗಿರಿ. ಆಟವನ್ನು ಕೊನೆಯವರೆಗೆ ಆಡುವವರು ಕಡಮೆಯೆಂದು ರಚನಕಾರರೇ ಹೇಳಿರುವುದು ಸುಮ್ಮನೆ ಅಲ್ಲ.

ಈ ರೋಗಕ್ಕೆ ಏಳನೆಯ ಭಾಗ ಸೂಚಿಸಿದ ಚಿಕಿತ್ಸೆ ತುಸು ಉಗ್ರವಾದುದೇ. ಇಡೀ ಆಟವನ್ನು ಪ್ರಾಚೀನ, ಅನ್ವೇಷಣ, ಆಧುನಿಕ ಎಂಬ ಮೂರು ಯುಗಗಳಾಗಿ ಕಡಿದು, ಯುಗಸಂಧಿಯಲ್ಲಿ ಎಲ್ಲರ ಸಂಪತ್ತಿನ ಒಂದು ಭಾಗವನ್ನು ತೆಗೆದುಹಾಕಲಾಗುತ್ತದೆ. ನಡೆಯುತ್ತಿದ್ದ ಯುದ್ಧಗಳು ನಿಲ್ಲುತ್ತವೆ, ರಾಜಧಾನಿಯ ಹೊರತು ಉಳಿದ ನಗರಗಳು ಬಹುಮಟ್ಟಿಗೆ ಮತ್ತೆ ಪಟ್ಟಣಗಳಾಗುತ್ತವೆ, ನಾಗರಿಕತೆಯೇ ಬದಲಾಗುತ್ತದೆ. ಅಶೋಕನನ್ನು ನಾಯಕನನ್ನಾಗಿ ಆರಿಸಿ ಮೌರ್ಯರಿಂದ ಆರಂಭಿಸಿದವನು ಮುಂದಿನ ಯುಗದಲ್ಲಿ ಚೋಳರನ್ನೂ ಕೊನೆಯಲ್ಲಿ ಮೊಗಲರನ್ನೂ ಆಳಬಹುದು. (ಅಶೋಕನು ಇದಕ್ಕೆ ಏನೆನ್ನುತ್ತಿದ್ದನೋ!) ಮೇಲಿನ ಲೆಕ್ಕವನ್ನೇ ಮತ್ತೆ ನೋಡಿರಿ. ನೂರನೆಯ ಸರದಿಯಲ್ಲಿ ಎರಡು ರಾಜ್ಯಗಳನ್ನೂ ಸಮಮಾಡಿದರೆ, ಇನ್ನೂರನೆಯದರ ಕೊನೆಗೆ ಅಂತರ ಏಳು ಪಟ್ಟಾಗದೆ ಎರಡೂವರೆ ಪಟ್ಟಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಉಪಾಯದ ಹಿಂದಿನ ತರ್ಕ ಗಟ್ಟಿಯಾದುದು. ಆದರೆ ಆರು ಸಾವಿರ ವರ್ಷಗಳ ಕಾಲ ಒಂದೇ ವಂಶವನ್ನು ಕೈಹಿಡಿದು ನಡೆಸಿದೆನೆಂಬ ತೃಪ್ತಿ ಇದರಿಂದ ಕಡಿದುಹೋಗುತ್ತದೆಂದು ಅನೇಕರು ದೂರಿದರು. ಅದೂ ಅಲಕ್ಷಿಸತಕ್ಕ ಮಾತಲ್ಲ.

ಹಾಗಾದರೆ ಆಟಗಾರರು ತಿರಸ್ಕರಿಸಿದುದು ಯಾವುದನ್ನು? ಯುಗಗಳ ಕಲ್ಪನೆಯನ್ನೋ, ಅದನ್ನು ಅರೆಬೆಂದ ಸ್ಥಿತಿಯಲ್ಲಿ ಬಡಿಸಿದುದನ್ನೋ? ಇದನ್ನು ಹೇಳಲು ಸಾಧ್ಯವೇ ಇಲ್ಲದಂತಾಗಿದೆ ಎಂಬುದೇ ನನ್ನ ಮುಖ್ಯ ಆಕ್ಷೇಪಣೆ. ಪ್ರಯೋಗಶಾಲೆಗೆ ಮೊದಲ ದಿನ ಬಂದ ವಿದ್ಯಾರ್ಥಿಗೆ ನಾವು ಏನು ಹೇಳಿಕೊಡುತ್ತೇವೆ? ಲೋಲಕದ ಉದ್ದವನ್ನು ಬದಲಿಸುವಾಗ ಗುಂಡನ್ನೂ ವಿಸ್ತಾರವನ್ನೂ ಬದಲಿಸಬೇಡ ಎಂದಲ್ಲವೆ? ಎರಡನ್ನು ಒಟ್ಟಿಗೆ ಬದಲಿಸಿದರೆ ಆವರ್ತಕಾಲದಲ್ಲಿ ಕಂಡ ವ್ಯತ್ಯಾಸ ಯಾವುದರಿಂದ ಬಂದಿತೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಏಳನೆಯ ಭಾಗದಲ್ಲಿ ಆದುದು ಇದೇ. ನಗರ ಮತ್ತೆ ಪಟ್ಟಣವಾದಾಗ ಆಟಗಾರನಿಗೆ ಬೇಸರವಾಯಿತು, ನಿಜ. ಆದರೆ ಏಕೆ, ಎಷ್ಟು ನಷ್ಟವಾಯಿತು, ಮುಂದೆ ಏನು ಸಿಕ್ಕೀತು ಎಂಬುದನ್ನು ಪರದೆ ಸರಿಯಾಗಿ ತಿಳಿಸಲೂ ಇಲ್ಲ. ಬೇಸರಕ್ಕೆ ಕಾರಣ ನಷ್ಟವೋ ಅಜ್ಞಾನವೋ ಬಲ್ಲವರಾರು? ಅಪೂರ್ಣ ಸರಕನ್ನು ಮಾರುವುದರಿಂದ ಕೊಂಡವನ ಹಣ ಹಾಳಾಗುತ್ತದೆಂದು ಎಲ್ಲರೂ ಹೇಳುತ್ತಾರೆ. ಅದರಿಂದ ಒಂದು ಒಳ್ಳೆಯ ಪ್ರಶ್ನೆಯೂ ಹಾಳಾಗುತ್ತದೆಂಬುದನ್ನು ಹೇಳುವವರು ವಿರಳ.

ಖಗೋಳಶಾಸ್ತ್ರದ ಇತಿಹಾಸದಲ್ಲಿ ಇದಕ್ಕೆ ಹೋಲುವ ಒಂದು ಪ್ರಸಂಗವಿದೆ. ಸೂರ್ಯನನ್ನು ನಡುವೆ ಇರಿಸಿದ ಕೋಪರ್ನಿಕಸನ ಗ್ರಂಥ 1543ರಲ್ಲಿ ಅಚ್ಚಾಯಿತು. ಅವನ ಮತವನ್ನು ಅನುಸರಿಸಿ ರೈನ್‌ಹೋಲ್ಡ್ ಎಂಬವನು 1551ರಲ್ಲಿ ಗ್ರಹಗಳ ಸ್ಥಾನಗಳನ್ನು ಗಣಿಸುವ ಕೋಷ್ಟಕಗಳನ್ನು ಸಿದ್ಧಪಡಿಸಿದನು. ಆದರೆ ಕೋಪರ್ನಿಕಸನು ವೃತ್ತಗಳನ್ನೂ ವೃತ್ತದ ಮೇಲಿನ ವೃತ್ತಗಳನ್ನೂ ಬಿಟ್ಟಿರಲಿಲ್ಲ. ಅವನ ಪದ್ಧತಿಯಂತೆ ಗಣಿಸಿದರೂ ಮಂಗಳನ ಸ್ಥಾನದಲ್ಲಿ ಕೆಲವೊಮ್ಮೆ ಹಲವು ಡಿಗ್ರಿಗಳ ತಪ್ಪು ಬರುತ್ತಿದ್ದಿತು. ಟಾಲೆಮಿಯ ಹಳೆಯ ಪದ್ಧತಿಗಿಂತ ಇದು ಗಣನೀಯವಾಗಿ ಮೇಲೇನೂ ಆಗಿರಲಿಲ್ಲ. ಆ ಕಾಲದಲ್ಲಿ ಹಳೆಯ ಕೋಷ್ಟಕಗಳನ್ನೇ ಬಳಸುತ್ತಿದ್ದ ಪಂಚಾಂಗಕಾರನನ್ನು ಮೂಢನೆನ್ನಲಾಗದು. ಅವನ ಕೆಲಸ ಹಳೆಯದರಿಂದಲೂ ಅಷ್ಟೇ ಚೆನ್ನಾಗಿ ನಡೆಯುತ್ತಿದ್ದಿತು. ಆದರೆ ಕೋಷ್ಟಕ ತಪ್ಪಿದ್ದರಿಂದ ಭೂಮಿ ಚಲಿಸುತ್ತದೆಂಬುದೇ ಸುಳ್ಳು ಎಂದು ಅವನು ಹೇಳಿದ್ದರೆ ಅದು ತರ್ಕವಾಗುತ್ತಿರಲಿಲ್ಲ. ಕಲ್ಪನೆ ಸರಿಯಾಗಿದ್ದು ಕೆಲಸ ಬಾಕಿಯಿದ್ದಿತು. ಆ ಬಾಕಿಯನ್ನು ತೀರಿಸಿದವನು ಕೆಪ್ಲರ್. 1609ರಲ್ಲಿ ದೀರ್ಘವೃತ್ತವನ್ನು ತಂದು, 1627ರಲ್ಲಿ ಹೊಸ ಕೋಷ್ಟಕಗಳನ್ನು ಪ್ರಕಟಿಸಿ, ಬುಧಗ್ರಹ 1631ರಲ್ಲಿ ಸೂರ್ಯಬಿಂಬವನ್ನು ದಾಟುವುದೆಂದು ಅವನು ಮುನ್ನುಡಿದನು. ಆ ವರ್ಷದ ನವೆಂಬರ್ 7ರಂದು ಪ್ಯಾರಿಸಿನಲ್ಲಿ ಗಸೆಂಡಿಯು ಅದನ್ನು ಕಂಡಾಗ ಕೆಪ್ಲರನು ಬದುಕಿರಲಿಲ್ಲ. ಅಷ್ಟು ಹೊತ್ತಿಗೆ ಕೋಪರ್ನಿಕಸನ ಗ್ರಂಥಕ್ಕೆ ಎಂಬತ್ತೆಂಟು ವರ್ಷ.

ಆಟಕ್ಕೆ ಅಷ್ಟು ಕಾಲ ಬೇಕಾಗಲಾರದು. ಹಳೆಯ ಭಾಗಗಳೂ ಹುಟ್ಟುವಾಗ ಪೂರ್ಣವಾಗಿರಲಿಲ್ಲ ಎಂಬುದನ್ನು ನೆನೆಯಬೇಕು. ಐದನೆಯದು 2010ರಲ್ಲಿ ಬಂದಾಗ ನಾಲ್ಕನೆಯದರಲ್ಲಿದ್ದ ಮತಧರ್ಮವೂ ಗೂಢಚರ್ಯೆಯೂ ಅದರಲ್ಲಿ ಇರಲಿಲ್ಲ. 2012ರ ವಿಸ್ತರಣದಲ್ಲಿ ಅವು ಮರಳಿದವು. ಇಂದು ಎಲ್ಲರೂ ಕೊಂಡಾಡುವ ಆರನೆಯದು 2018ರ ಮತ್ತು 2019ರ ವಿಸ್ತರಣಗಳನ್ನು ಉಂಡು ಬೆಳೆದುದು. ಎಂಟು ವರ್ಷದ ಹುಡುಗನ ಪಕ್ಕದಲ್ಲಿ ಕೂಸನ್ನು ನಿಲ್ಲಿಸಿ ಎತ್ತರ ಅಳೆಯುವುದು ಕೂಸಿನ ಮಟ್ಟಿಗೆ ಅನ್ಯಾಯವೆಂದು ಕೆಲವರು ವಾದಿಸುತ್ತಾರೆ. ಕೂಸನ್ನು ಹುಡುಗನ ಕೂಲಿಗೆ ಕೆಲಸಕ್ಕೆ ಕಳುಹಿಸಿದವರು ಯಾರು ಎಂಬುದೇ ನನ್ನ ಮರುಪ್ರಶ್ನೆ. ಏಳನೆಯದರ ಸಾಧಾರಣ ಪ್ರತಿಯ ಬೆಲೆ ಅಮೆರಿಕದಲ್ಲಿ 70 ಡಾಲರುಗಳ ಆಸುಪಾಸಿನಲ್ಲಿದ್ದಿತು. ಅದಕ್ಕೂ ಹೆಚ್ಚು ಕೊಟ್ಟವರಿಗೆ ಐದು ದಿನ ಮೊದಲೇ, ಫೆಬ್ರವರಿ 6ರಂದು, ಆಡುವ ಅವಕಾಶವಿದ್ದಿತು. ಪರದೆಯ ದೋಷಗಳನ್ನು ಎತ್ತಿ ತೋರಿಸಿದವರಲ್ಲಿ ಮೊದಲಿಗರು ಅವರೇ. ದೋಷ ಪರೀಕ್ಷಕನಿಗೆ ಸಂಬಳ ಕೊಡುವುದು ಲೋಕರೂಢಿ. ಇಲ್ಲಿ ಪರೀಕ್ಷಕನೇ ಹಣ ತೆತ್ತನು.

ಆದುದರಿಂದ ಮರಳಬಯಸುವವರು ನಿಸ್ಸಂಕೋಚವಾಗಿ ಮರಳಲಿ. ಆರನೆಯದರ ಕನಿಷ್ಠ ಅಗತ್ಯ 4 ಜಿಬಿ ಸ್ಮೃತಿ. ಏಳನೆಯದಕ್ಕೆ 8 ಜಿಬಿ ಬೇಕು. ಅಣ್ಣನಿಂದ ತಮ್ಮನಿಗೆ ಬಂದ ಲ್ಯಾಪ್‌ಟಾಪಿನಲ್ಲಿ ಆಡುವವನಿಗೆ ಇದೊಂದೇ ಸಾಕಾದ ಕಾರಣ. ಮರಳಿದವರು ಹೊಸದನ್ನು ಬೈಯುತ್ತ ಕುಳಿತುಕೊಳ್ಳುವ ಬದಲು ಒಂದು ಕೆಲಸ ಮಾಡಬಹುದು. ಹಳೆಯ ಆಟದಲ್ಲಿ ಪ್ರತಿ ಇಪ್ಪತ್ತು ಸರದಿಗಳಿಗೊಮ್ಮೆ ನಿಮ್ಮ ರಾಜ್ಯದ ವಿಜ್ಞಾನದ ಉತ್ಪತ್ತಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಆಟ ಮುಗಿದ ಮೇಲೆ ಒಂದು ಅಕ್ಷದಲ್ಲಿ ಸರದಿಗಳನ್ನೂ ಇನ್ನೊಂದರಲ್ಲಿ ಉತ್ಪತ್ತಿಯ ಲಾಗರಿತಮ್ ಬೆಲೆಯನ್ನೂ ಗುರುತಿಸಿ ಗ್ರಾಫ್ ಎಳೆಯಿರಿ. ಬಿಂದುಗಳು ಸರಳರೇಖೆಯಲ್ಲಿ ಬಿದ್ದಷ್ಟು ದೂರ ನಿಮ್ಮ ರಾಜ್ಯ ಚಕ್ರಬಡ್ಡಿಯಂತೆ ಬೆಳೆಯಿತೆಂದು ಅರ್ಥ. ರೇಖೆಯ ಓಟವೇ ಬಡ್ಡಿಯ ದರವನ್ನು ಹೇಳುತ್ತದೆ. ಎಲ್ಲಿ ಬಾಗಿತು, ಏಕೆ ಬಾಗಿತು ಎಂಬುದನ್ನು ಯೋಚಿಸುವುದರಲ್ಲಿ ಒಂದು ಸಂಜೆ ಸುಖವಾಗಿ ಕಳೆಯುತ್ತದೆ. ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿರಿ. ಏಳನೆಯದು ತಿದ್ದುಪಡಿಗಳಿಂದ ಒಂದು ನೆಲೆಗೆ ಬಂದು, ಅರ್ಧ ಬೆಲೆಗೆ ಸಿಗತೊಡಗಿದ ದಿನ, ಅದರ ಮೂರು ತುಂಡು ರೇಖೆಗಳನ್ನು ಅದೇ ಕಾಗದದ ಮೇಲೆ ಬೇರೆ ಬಣ್ಣದ ಶಾಯಿಯಲ್ಲಿ ಎಳೆಯಬಹುದು.